ಮಾರ್ಚ್ ಮೂವತ್ತೊಂದರ ಸಹಿ

ಬೆಳಿಗ್ಗೆ ಹುಲಿಕೆರೆಯಿಂದ ಫೋನ್ ಬಂದಾಗ ಹಳೇಬೀಡು ಠಾಣೆಯ ಸೆಂಟ್ರಿ ನಂಬಲಿಲ್ಲ. ಅವತ್ತು ಏಪ್ರಿಲ್ ಒಂದು. "ಬೆಳ್ಳಂಬೆಳಿಗ್ಗೆ ಫೂಲ್ ಮಾಡೋಕೆ ನಾವೇ ಸಿಕ್ಕಿದ್ವಾ?" ಎಂದು ರಿಸೀವರ್ ಕುಕ್ಕಿದ. ಎರಡನೇ ಸಲ ಫೋನ್ ಬಂತು. ಈ ಸಲ ಹಿಂದಿನಿಂದ ಹೆಂಗಸರ ಅಳು ಕೇಳಿಸುತ್ತಿತ್ತು.

ಕಲ್ಯಾಣಿಯಲ್ಲಿ ಹೆಣ ತೇಲಿದೆ. ಹುಡುಗಿ.

ಸಬ್ ಇನ್ಸ್‌ಪೆಕ್ಟರ್ ಉಷಾರಾಣಿ ಕಾಫಿ ಲೋಟ ಅರ್ಧಕ್ಕೇ ಇಟ್ಟು ಜೀಪು ಹತ್ತಿದಳು. ಹಳೇಬೀಡಿಗೆ ಬಂದು ಇನ್ನೂ ಒಂದು ವರ್ಷವಾಗಿರಲಿಲ್ಲ. ಠಾಣೆಯ ಮೇಲಧಿಕಾರಿಯಾಗಿ ಅವಳಿಗೆ ಇದು ಮೊದಲ ಕೊಲೆ ಪ್ರಕರಣ. ಕೊಲೆ ಎಂದು ಇನ್ನೂ ಯಾರೂ ಹೇಳಿರಲಿಲ್ಲ, ನಿಜ. ಆದರೆ ಅವಳು ಆಗಲೇ ಹಾಗೆಂದೇ ಎಣಿಸಿದ್ದಳು.

ಕಲ್ಯಾಣಿಯ ಸುತ್ತ ಊರೇ ನೆರೆದಿತ್ತು. ಮೆಟ್ಟಿಲುಗಳ ನಡುವಿನ ಪುಟ್ಟ ಗುಡಿಗಳ ಮೇಲೆಲ್ಲ ಮಕ್ಕಳು. ಕೆಳಗೆ ಹಸಿರು ನೀರಿನಲ್ಲಿ ನೀಲಿ ಚೂಡಿದಾರ್ ಉಬ್ಬಿಕೊಂಡು ತೇಲುತ್ತಿತ್ತು. ಮೊದಲು ಕಂಡವನು ಕುರಿ ಮೇಯಿಸುವ ಹುಚ್ಚಣ್ಣ.

ಹೆಣವನ್ನು ಮೇಲೆತ್ತಿದರು. ಇಪ್ಪತ್ತರ ಆಸುಪಾಸಿನ ಹುಡುಗಿ. ತಲೆಯ ಹಿಂದೆ ಗಾಯ. ನೀರಿನಿಂದ ಸ್ವಲ್ಪ ಮೇಲಿನ ಮೆಟ್ಟಿಲಿನಲ್ಲಿ ಒಂದು ಬಟ್ಟೆಯ ಚೀಲ ಸಿಕ್ಕಿತು. ದಫೇದಾರ್ ತಮ್ಮಯ್ಯ ಅದನ್ನು ಬಿಡಿಸಿದ. ಬಾಚಣಿಗೆ, ನೋಟ್ಸು, ಬ್ಯಾಂಕಿನ ಪಾಸ್‌ಬುಕ್.

"ನಂದಿತಾ, ಬಾಣಾವರ. ಬೇಲೂರಿನ ಕಾಲೇಜು ಹುಡುಗಿ ಮೇಡಂ. ಸ್ಕಾಲರ್‌ಶಿಪ್ ಖಾತೆ. ನಿನ್ನೆ ಎಲ್ಲಾ ದುಡ್ಡೂ ತೆಗ್ದವ್ಳೆ."

"ಚೀಲದಲ್ಲಿ ದುಡ್ಡಿದೆಯಾ?"

"ಬಿಡಿಗಾಸಿಲ್ಲ."

ತಮ್ಮಯ್ಯ ಪಾಸ್‌ಬುಕ್ ಮಡಚಿದ. ಅವನ ಮಟ್ಟಿಗೆ ಕಥೆ ಮುಗಿದಿತ್ತು. ನಿನ್ನೆ ಬುಧವಾರ ಹುಡುಗಿ ಬ್ಯಾಂಕಿಗೆ ಹೋದಳು. ಯಾರೋ ಹಿಂಬಾಲಿಸಿದರು. ಸಂಜೆ ಇಲ್ಲಿ ಹೊಡೆದು ದುಡ್ಡು ಕಿತ್ತುಕೊಂಡರು.

ಉಷಾರಾಣಿ ಚೀಲವನ್ನು ಮುಟ್ಟಿ ನೋಡಿದಳು. ಬೆಚ್ಚಗಿತ್ತು, ಒಣಗಿತ್ತು. ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಮೆಟ್ಟಿಲು ಇಳಿದು ಹತ್ತಿದಳು. ಏನೋ ಸರಿಯಿಲ್ಲ. ಏನೆಂದು ಮಾತ್ರ ಹೊಳೆಯಲಿಲ್ಲ.

*

ಮಧ್ಯಾಹ್ನದೊಳಗೆ ಒಬ್ಬ ಹುಡುಗ ಲಾಕಪ್ಪಿನಲ್ಲಿದ್ದ. ಸಂತು. ಹುಲಿಕೆರೆಯವನೇ, ನಂದಿತಾಳ ತರಗತಿಯವನೇ. ಸೋಮವಾರ ಕಾಲೇಜು ಗೇಟಿನಲ್ಲಿ ಇಬ್ಬರೂ ಜಗಳವಾಡಿದ್ದನ್ನು ಹತ್ತು ಜನ ಕಂಡಿದ್ದರು. ಬುಧವಾರ ಸಂಜೆ ಅವನು ಕಲ್ಯಾಣಿಯ ಸುತ್ತ ಸುಳಿದಾಡಿದ್ದನ್ನು ಊರವರು ಕಂಡಿದ್ದರು.

"ಜಗಳ ಯಾಕೆ?" ಉಷಾರಾಣಿ ಕೇಳಿದಳು.

"ಸ್ಕಾಲರ್‌ಶಿಪ್ ವಿಷ್ಯ ಮೇಡಂ. ನಮ್ಗೆ ಬರೋದ್ರಲ್ಲಿ ಅರ್ಧ ಮಧ್ಯದವ್ರೇ ತಿಂತಾರೆ. ಹಾಸನಕ್ಕೆ ಹೋಗಿ ಡಿಸಿ ಸಾಹೇಬ್ರ ಮುಂದೆ ಎಲ್ರೂ ಬಾಯ್ಬಿಟ್ಟು ಹೇಳೋಣ, ಅರ್ಜಿ ಬರೆದ್ರೆ ಮೂಲೆಗೆ ಹಾಕ್ತಾರೆ ಅಂತಿದ್ಲು. ನಾನು ಬರಲ್ಲ ಅಂದೆ. ಮುಂದಿನ ವರ್ಷದ್ದು ನಿಂತೋದ್ರೆ ನಮ್ಮಪ್ಪ ಓದು ಬಿಡಿಸ್ತಾರೆ."

"ಮಧ್ಯದವರು ಅಂದ್ರೆ ಯಾರು?"

ಹುಡುಗ ತಲೆ ತಗ್ಗಿಸಿದ. "ಹೆಸ್ರು ಹೇಳಿ ನಾನೆಲ್ಲಿ ಬದುಕ್ಲಿ ಮೇಡಂ?"

"ಬುಧವಾರ ಕಲ್ಯಾಣಿ ಹತ್ರ ಏನು ಕೆಲಸ ನಿನಗೆ?"

"ಮಂಗಳವಾರ ಸಂಜೆ ಬಸ್ಸಿಗೆ ಬರ್ತೀನಿ, ನಿಮ್ಮಪ್ಪನ ಹತ್ರ ನಾನೇ ಮಾತಾಡ್ತೀನಿ ಅಂದಿದ್ಲು. ನಮ್ಮನೆಗೆ ಬರ್ಲೇ ಇಲ್ಲ. ಬುಧವಾರ ಬಂದಿರ್ಬೋದಾ ಅಂತ ನೋಡ್ದೆ. ಅವಳಿಗೆ ಕಲ್ಯಾಣಿ ಅಂದ್ರೆ ಇಷ್ಟ."

ಸರ್ಕಲ್ ಇನ್ಸ್‌ಪೆಕ್ಟರ್ ಉದಯಕುಮಾರ್ ಬೇಲೂರಿನಿಂದ ಫೋನ್ ಮಾಡಿದರು. "ಏನ್ರೀ ಉಷಾರಾಣಿ, ಹುಡುಗ ಸಿಕ್ಕಿದಾನಂತೆ. ನಾಳೆ ಕೋರ್ಟಿಗೆ ಹಾಜರುಪಡಿಸಿ. ಎಲೆಕ್ಷನ್ ಬಂದೋಬಸ್ತಿಗೆ ನನಗೆ ಜನ ಸಾಲ್ತಿಲ್ಲ."

"ಸರ್, ಇವನ ಮನೆಯಲ್ಲಿ ದುಡ್ಡು ಸಿಕ್ಕಿಲ್ಲ."

"ಎಲ್ಲಾದ್ರೂ ಹೂತಿರ್ತಾನೆ ಬಿಡ್ರೀ. ನಾಳೆ ಬೆಳಿಗ್ಗೆ."

ಅವಳು ಫೋನಿಟ್ಟು ಕೂರಲಾಗದೆ ಅಂಗಳದಲ್ಲಿ ಓಡಾಡಿದಳು. ನಂತರ ತಮ್ಮಯ್ಯನನ್ನು ಕರೆದುಕೊಂಡು ಬೇಲೂರಿನ ಆಸ್ಪತ್ರೆಗೆ ಹೊರಟಳು.

ಶವಪರೀಕ್ಷೆ ಮುಗಿಸಿದ ಡಾಕ್ಟರು ಕೈ ತೊಳೆಯುತ್ತಿದ್ದರು. "ತಲೆ ಹಿಂದೆ ಎರಡು ಏಟು. ನೀರಿಗೆ ಬಿದ್ದಾಗ ಇನ್ನೂ ಉಸಿರಿತ್ತು. ಎರಡು ರಾತ್ರಿ ನೀರಲ್ಲಿ ಕಳೆದ ದೇಹ."

"ಎರಡು ರಾತ್ರಿ? ಒಂದು ಅಲ್ವಾ?"

"ನಿನ್ನೆ ಸಂಜೆ ಮುಳುಗಿದ ಹೆಣ ಇವತ್ತು ಬೆಳಿಗ್ಗೆಗೇ ತೇಲಲ್ಲಮ್ಮ. ಮೇಲೆ ಬರೋಕೆ ಟೈಮ್ ಬೇಕು."

"ಆದ್ರೆ ನಿನ್ನೆ ಅವಳು ಬ್ಯಾಂಕಲ್ಲಿದ್ದಳು ಸರ್."

ಡಾಕ್ಟರು ಟವೆಲ್ಲಿಗೆ ಕೈ ಒರೆಸಿಕೊಂಡರು. "ಹಂಗಾದ್ರೆ ಬ್ಯಾಂಕಿನವರನ್ನ ಕೇಳಿ."

ಬೆಳಿಗ್ಗೆಯಿಂದ ಕಾಡಿದ್ದು ಇದೇ ಎಂದು ಅವಳಿಗೆ ಆಗ ಹೊಳೆಯಿತು. ಆ ಹೆಣ ತೇಲಬಾರದಿತ್ತು.

*

ಬ್ಯಾಂಕಿನ ಬಾಗಿಲು ಹಾಕಿತ್ತು. ವರ್ಷದ ಲೆಕ್ಕ ಮುಗಿಸುವ ದಿನ, ಗಿರಾಕಿಗಳಿಗೆ ರಜೆ. ಒಳಗೆ ಕ್ಯಾಷಿಯರ್ ನಂಜಪ್ಪ ಕಡತಗಳ ನಡುವೆ ಹೂತುಹೋಗಿದ್ದರು. ವಿಷಯ ಕೇಳಿ ಅವರ ಮುಖ ಬಿಳುಚಿಕೊಂಡಿತು.

"ನಿನ್ನೆ ಬೆಳಿಗ್ಗೆ ನಾನೇ ಕೊಟ್ಟೆ ಮೇಡಂ. ಮಾರ್ಚ್ ಮೂವತ್ತೊಂದು, ಜಾತ್ರೆಯಂಥ ಜನ. ಸಹಿ ತಾಳೆಯಾಯ್ತು. ಕೊಟ್ಟೆ."

"ಮುಖ ನೋಡಿದ್ರಾ?"

"ತಲೆ ಮೇಲೆ ವೇಲ್ ಹೊದ್ದಿದ್ಲು. ಖಾತೆಯಲ್ಲಿರೋ ಫೋಟೋ ಸ್ಟಾಂಪಿನಷ್ಟಗಲ. ಆ ವಯಸ್ಸಿನ ಹುಡುಗೀರು ಅದ್ರಲ್ಲಿ ಒಂದೇ ಥರ ಕಾಣ್ತಾವೆ."

"ಏನಾದ್ರೂ ಮಾತಾಡಿದ್ಲಾ? ನೆನಪು ಮಾಡ್ಕೊಳ್ಳಿ. ಅವಳ ಮಾತಲ್ಲೇ ಹೇಳಿ."

ನಂಜಪ್ಪ ಕಣ್ಣು ಮುಚ್ಚಿದರು. "ನಾಡಿದ್ದು ಬಾ, ಇವತ್ತು ರಶ್ ಇದೆ ಅಂದೆ. ಅಳೋ ಹಾಗಾದ್ಲು. 'ಇಲ್ಲ ಸಾರ್, ಇವತ್ತೇ ಕೊಡಿ. ಇವತ್ತು ತೆಗೀದಿದ್ರೆ ದುಡ್ಡು ಸರ್ಕಾರಕ್ಕೆ ವಾಪಸ್ ಹೋಗುತ್ತೆ' ಅಂದ್ಲು. ಪಾಪ ಅನ್ನಿಸಿತು, ಕೊಟ್ಟುಬಿಟ್ಟೆ."

ಉಷಾರಾಣಿ ಆ ಮಾತನ್ನು ಎರಡು ಸಲ ಹೇಳಿಸಿದಳು.

ಅಲ್ಲಿಂದ ಅವಳು ಹೋದದ್ದು ಕಾಲೇಜಿನ ಎದುರಿನ ಕಲ್ಲೇಶಪ್ಪನ ಜೆರಾಕ್ಸ್ ಅಂಗಡಿಗೆ. ಅರ್ಜಿ ತುಂಬುವುದು, ಆದಾಯ ಪ್ರಮಾಣಪತ್ರ ಮಾಡಿಸುವುದು, ವಿದ್ಯಾರ್ಥಿವೇತನಕ್ಕೆ ಓಡಾಡುವುದು, ಎಲ್ಲವೂ ಅಲ್ಲೇ. ಹುಡುಗರ ಬಾಯಲ್ಲಿ ಅವನು 'ಮಾಮ'. ಅಂಗಡಿಯ ಕಂಬಕ್ಕೆ ಆಗಲೇ ನಂದಿತಾಳ ಫೋಟೋ ಕಟ್ಟಿ ಹಾರ ಹಾಕಿದ್ದ. ಕಣ್ಣು ಕೆಂಪಗಿದ್ದವು.

"ಬಂಗಾರದಂಥ ಹುಡುಗಿ ಮೇಡಂ. ಮೊದಲ ವರ್ಷ ಅವಳ ಅರ್ಜಿ ತುಂಬಿದ್ದು ನಾನೇ. ಆ ಸಂತುವನ್ನ ಬಿಡಬೇಡಿ. ಸೋಮವಾರದ ಜಗಳ ನನ್ನ ಕಣ್ಣೆದುರೇ ಆಯ್ತು."

"ಅವಳ ರೂಂಮೇಟ್ ಯಾರು?"

"ಭಾನುಪ್ರಿಯಾ. ಹಾಸ್ಟೆಲಿಂದ ನಿನ್ನೆ ಮಧ್ಯಾಹ್ನವೇ ಊರಿಗೆ ಹೋದಳಂತೆ, ಬಿಕ್ಕೋಡಿಗೆ. ಪರೀಕ್ಷೆಗೆ ಓದೋ ರಜೆ." ಅವನು ಕೇಳದೆಯೇ ಮುಂದುವರಿಸಿದ. "ನಾನು ಊರಲ್ಲಿದ್ದಿದ್ರೆ ಹೀಗಾಗ್ತಿರಲಿಲ್ಲ. ನಿನ್ನೆ ಹನ್ನೊಂದು ಗಂಟೆಗೇ ಅರಸೀಕೆರೆಗೆ ಹೋದೆ, ಎಲೆಕ್ಷನ್ ಮೀಟಿಂಗು. ರಾತ್ರಿವರೆಗೂ ಅಲ್ಲೇ. ಸ್ಟೇಜ್ ಮೇಲೇ ಇದ್ದೆ, ಯಾರನ್ನ ಬೇಕಾದ್ರೂ ಕೇಳಿ."

"ಕೇಳೋದೇನಿದೆ ಬಿಡಿ," ಎಂದು ಉಷಾರಾಣಿ ಜೀಪಿನತ್ತ ನಡೆದಳು.

*

ಶವಾಗಾರದ ಮುಂದಿನ ಕಟ್ಟೆಯ ಮೇಲೆ ಕೆಂಚಮ್ಮ ಕೂತಿದ್ದಳು. ನಂದಿತಾಳ ತಾಯಿ. ಬಾಣಾವರದಲ್ಲಿ ತೆಂಗಿನ ಮಂಡಿಯಲ್ಲಿ ಕಾಯಿ ಸುಲಿಯುವ ಕೆಲಸ. ಉಷಾರಾಣಿ ಪಕ್ಕದಲ್ಲೇ ಕೂತಳು.

"ಅಮ್ಮ, ಮಗಳು ದುಡ್ಡು ತೆಗೀತೀನಿ ಅಂತ ಹೇಳಿದ್ಲಾ?"

"ಇಲ್ಲ ಕಣವ್ವಾ. ತೆಗೆಯೋದೇ ಬ್ಯಾಡ ಅಂದಿದ್ಲು. ಬಿ.ಎಡ್. ಓದ್ಬೇಕು, ಅಲ್ಲೀಗಂಟ ಅಲ್ಲೇ ಇರ್ಲಿ ಅಂತ."

"ಮಾರ್ಚ್ ಮುಗಿದ್ರೆ ವಾಪಸ್ ಹೋಗುತ್ತೆ ಅಂತ ಏನಾದ್ರೂ..."

"ನಾನೇ ಕೇಳಿದ್ನಲ್ಲ ಅದ! ನಮ್ಮ ಬೀದಿಯ ಹುಡುಗ ಒಬ್ಬ ಹಂಗೇ ಅಂದಿದ್ದ. ಅದಕ್ಕೆ ನಕ್ಕುಬಿಟ್ಳು. 'ಅವ್ವಾ, ನನ್ ಖಾತೆಗೆ ಬಿದ್ ಮೇಲೆ ಅದು ನಂದು. ಸರ್ಕಾರ ವಾಪಸ್ ತಗಳಾಕಿಲ್ಲ. ಅರ್ಧ ಕಿತ್ಕಳಾಕೆ ಹಂಗಂತ ಹೆದರುಸ್ತಾರೆ. ನಾನು ಎಲ್ಲಾರ್ಗೂ ಹೇಳ್ತಾ ಇವ್ನಿ' ಅಂದ್ಲು." ಕೆಂಚಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಬಾಯಿ ಜೋರು ನನ್ ಮಗೀಗೆ. ಬ್ಯಾಡ ಕಣೇ ಅಂದ್ರೂ ಕೇಳಾಕಿಲ್ಲ."

ಉಷಾರಾಣಿ ಎದ್ದು ನಿಂತಳು.

ಹಾಗಾದರೆ ನಂಜಪ್ಪನ ಮುಂದೆ ನಿಂತು ಅಳುವ ಹಾಗಾದವಳು ನಂದಿತಾ ಅಲ್ಲ. ಸುಳ್ಳೆಂದು ಊರಿಗೆಲ್ಲ ಸಾರುತ್ತಿದ್ದ ಮಾತನ್ನು ಅವಳೇ ಆಡುವುದು ಹೇಗೆ?

"ತಮ್ಮಯ್ಯ, ಹುಲಿಕೆರೆಗೆ ನಡೀರಿ. ಆಮೇಲೆ ಬಿಕ್ಕೋಡಿಗೆ."

"ಊಟ ಮೇಡಂ?"

"ಆಮೇಲೆ."

*

ಹುಚ್ಚಣ್ಣ ಕುರಿ ಹಟ್ಟಿಯ ಬಾಗಿಲಲ್ಲಿ ಬೀಡಿ ಸೇದುತ್ತಿದ್ದ. ಅಧಿಕಾರಿಯನ್ನು ಕಂಡು ಬೀಡಿ ಬಿಸಾಡಿದ.

"ಬೆಳಿಗ್ಗೆ ನಮ್ಮವರು ಕೇಳಿದಾಗ ಯಾರನ್ನೂ ನೋಡಿಲ್ಲ ಅಂದೆಯಂತೆ?"

"ಬುಧವಾರ ಯಾರ್ನಾರ ಕಂಡ್ಯಾ ಅಂದ್ರು ಅಮ್ಮಾವ್ರೆ. ಸಂತುನ ಬಿಟ್ರೆ ಯಾರೂ ಇಲ್ಲ ಅಂದೆ."

"ಮಂಗಳವಾರ?"

"ಮಂಗಳವಾರದ್ದು ಯಾರೂ ಕೇಳ್ಲಿಲ್ವಲ್ಲ. ಹೊತ್ತು ಮುಳುಗೋ ಟೈಮ್‌ನಾಗೆ ಕಲ್ಯಾಣಿ ಪಕ್ಕದ ಹುಣಸೆಮರದ ತಾವ ಒಂದು ಬಿಳೀ ಸ್ಕೂಟರ್ ಕೆಟ್ಟು ನಿಂತಿತ್ತು. ಯಜಮಾನ್ರು ಮೈಯೆಲ್ಲಾ ಬೆವತೋಗಿದ್ರು. ಒಸಿ ತಳ್ಳಯ್ಯ ಅಂದ್ರು. ತಳ್ಳಿದೆ. ಐದು ರೂಪಾಯಿ ಕೊಟ್ರು."

"ಮತ್ತೆ ನೋಡಿದ್ರೆ ಗುರುತು ಹಿಡೀತೀಯಾ?"

"ಹಿಡೀದೆ ಏನು? ಅಷ್ಟು ದೂರ ತಳ್ಳಿವ್ನಿ."

ಬಿಕ್ಕೋಡು ಸೇರುವಾಗ ಕಾಫಿ ತೋಟದ ಕೂಲಿಯವರು ಮನೆಗೆ ಮರಳುತ್ತಿದ್ದರು. ಲೈನ್ ಮನೆಗಳ ಸಾಲಿನಲ್ಲಿ ಕೊನೆಯದು ಭಾನುಪ್ರಿಯಾಳದು. ಜೀಪಿನ ಸದ್ದು ಕೇಳಿದ್ದೇ ಒಳಗಿನಿಂದ ಪಾತ್ರೆ ಬಿದ್ದ ಶಬ್ದವಾಯಿತು. ಹುಡುಗಿ ಹಿತ್ತಲ ಬಾಗಿಲಿಗೆ ಬಂದು ನಿಂತುಬಿಟ್ಟಳು. ಓಡಲಿಲ್ಲ.

"ಎರಡು ವರ್ಷ ಒಂದೇ ರೂಮಲ್ಲಿದ್ರಿ," ಉಷಾರಾಣಿ ಮೆಲ್ಲಗೆ ಹೇಳಿದಳು. "ಅವಳ ಸಹಿ ನಿನ್ನಷ್ಟು ಚೆನ್ನಾಗಿ ಇನ್ಯಾರಿಗೆ ಬರುತ್ತೆ?"

ಭಾನುಪ್ರಿಯಾ ಹೊಸ್ತಿಲ ಮೇಲೇ ಕೂತಳು. "ಅವಳು ಸತ್ತಿರೋದು ನಂಗೊತ್ತಿರ್ಲಿಲ್ಲ ಮೇಡಂ. ದೇವರಾಣೆ ಗೊತ್ತಿರ್ಲಿಲ್ಲ. ಜ್ವರ ಬಂದು ಊರಿಗೆ ಹೋಗಿದಾಳೆ, ಇವತ್ತು ತೆಗೀದಿದ್ರೆ ಅವಳ ದುಡ್ಡು ವಾಪಸ್ ಹೋಗುತ್ತೆ, ಅವಳೇ ಪಾಸ್‌ಬುಕ್ ಕೊಟ್ಟು ಕಳಿಸಿದಾಳೆ ಅಂದ್ರು. ಅವಳಿಗೆ ಒಳ್ಳೇದಾಗ್ಲಿ ಅಂತ..."

"ದುಡ್ಡು, ಪಾಸ್‌ಬುಕ್ ಯಾರಿಗೆ ಕೊಟ್ಟೆ?"

ಹುಡುಗಿ ಹೆಸರು ಹೇಳಿದಳು. ತಮ್ಮಯ್ಯನ ಕೈಯಲ್ಲಿದ್ದ ಲಾಠಿ ನೆಲಕ್ಕೆ ತಾಗಿತು.

"ಮಂಗಳವಾರ ನಂದಿತಾ ಹುಲಿಕೆರೆಗೆ ಹೋಗ್ತಾಳೆ ಅನ್ನೋದು ಅವರಿಗೆ ಹೇಗೆ ಗೊತ್ತಾಯ್ತು?"

ಭಾನುಪ್ರಿಯಾ ಮೊಣಕಾಲಿನಲ್ಲಿ ಮುಖ ಹುದುಗಿಸಿದಳು. "ಅವಳೆಲ್ಲಿ ಅಂತ ಕೇಳಿದ್ರು. ನಾನೇ ಹೇಳ್ದೆ."

*

ಮರುದಿನ ಬೆಳಿಗ್ಗೆ ಠಾಣೆಯ ಮುಂದೆ ಘೋಷಣೆ ಮೊಳಗುತ್ತಿತ್ತು. ಬೇಲೂರಿನಿಂದ ಎರಡು ಟೆಂಪೋಗಳಲ್ಲಿ ವಿದ್ಯಾರ್ಥಿಗಳು ಬಂದಿದ್ದರು. ಎಲ್ಲರಿಗಿಂತ ಮುಂದೆ ನಂದಿತಾಳ ಫೋಟೋ ಎದೆಗವಚಿಕೊಂಡು ಕಲ್ಲೇಶಪ್ಪ.

"ಸಂತುಗೆ ಗಲ್ಲಾಗಲಿ!"

ಸರ್ಕಲ್ ಇನ್ಸ್‌ಪೆಕ್ಟರ್ ಉದಯಕುಮಾರ್ ಜೀಪಿನಿಂದ ಇಳಿದವರೇ ಸಿಡುಕಿದರು. "ಇನ್ನೂ ಹುಡುಗನ್ನ ಕಳಿಸಿಲ್ವೇನ್ರೀ?"

"ಹತ್ತು ನಿಮಿಷ ಕೊಡಿ ಸರ್." ಉಷಾರಾಣಿ ಮೆಟ್ಟಿಲ ಮೇಲೆ ನಿಂತಳು. ಕೈ ಹಿಂದೆ ಕಟ್ಟಿಕೊಂಡಳು. "ಒಂದು ಪ್ರಶ್ನೆ ಕೇಳ್ತೀನಿ, ಉತ್ತರ ಹೇಳಿ. ನಿಮ್ಮ ಖಾತೆಗೆ ಬಿದ್ದ ಸ್ಕಾಲರ್‌ಶಿಪ್ ದುಡ್ಡು ಮಾರ್ಚ್ ಮೂವತ್ತೊಂದರೊಳಗೆ ತೆಗೀದಿದ್ರೆ ಏನಾಗುತ್ತೆ?"

"ವಾಪಸ್ ಹೋಗುತ್ತೆ!" ಹತ್ತಾರು ಗಂಟಲು.

"ಯಾರು ಹೇಳಿದ್ದು?"

"ಮಾಮ!"

ಕಲ್ಲೇಶಪ್ಪ ಫೋಟೋವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ನಂಜಪ್ಪನವರೇ, ನೀವು ಹೇಳಿ."

ಬಾಗಿಲ ಬಳಿ ನಿಂತಿದ್ದ ಕ್ಯಾಷಿಯರ್ ಮುಂದೆ ಬಂದರು. "ಖಾತೆಗೆ ಜಮಾ ಆದ ಮೇಲೆ ಅದು ನಿಮ್ಮದೇ. ಹತ್ತು ವರ್ಷ ಬಿಟ್ಟು ಬಂದ್ರೂ ಕೊಡ್ತೀವಿ."

ಗುಂಪಿನಲ್ಲಿ ಗುಸುಗುಸು ಎದ್ದಿತು. "ಮತ್ತೆ ಮಾಮ ಅರ್ಧ ತಗೊಂಡಿದ್ದು?" ಎಂದು ಯಾರೋ ಜೋರಾಗಿಯೇ ಕೇಳಿದರು.

"ಆಫೀಸಿನ ಖರ್ಚು ಕಣ್ರೋ, ಮೇಲಿನವರಿಗೆ..." ಕಲ್ಲೇಶಪ್ಪ ನಗಲು ನೋಡಿದ. "ಮೇಡಂ, ಕೊಲೆಗೂ ಇದಕ್ಕೂ ಏನು ಸಂಬಂಧ? ಕೊಲೆ ಆದಾಗ ನಾನು ಅರಸೀಕೆರೆಯಲ್ಲಿದ್ದೆ."

"ಕೊಲೆ ಆಗಿದ್ದು ಯಾವಾಗ ಅಂತ ನಾನಿನ್ನೂ ಹೇಳೇ ಇಲ್ಲ." ಅವಳು ಹಿಂದಕ್ಕೆ ತಿರುಗಿ ಕರೆದಳು. "ಹುಚ್ಚಣ್ಣ, ಬಾ ಇಲ್ಲಿ. ಈ ಜನದಲ್ಲಿ ನಿನಗೆ ಗೊತ್ತಿರೋರು ಯಾರಾದ್ರೂ ಇದಾರಾ?"

ಹುಚ್ಚಣ್ಣ ತಡವರಿಸಲಿಲ್ಲ. "ಫೋಟೋ ಹಿಡ್ಕಂಡವ್ರಲ್ಲ, ಅವ್ರೇ. ಮಂಗಳವಾರ ಕಲ್ಯಾಣಿ ತಾವ ಸ್ಕೂಟರ್ ತಳ್ಳಿಸ್ಕಂಡವ್ರು."

"ಯಾವನೋ ಕುರಿ ಕಾಯೋನು ಹೇಳಿದ ಅಂತ..."

ಅಷ್ಟರಲ್ಲಿ ಒಳಗಿನಿಂದ ಭಾನುಪ್ರಿಯಾ ಬಂದಳು. ಯಾರನ್ನೂ ನೋಡದೆ, ನೆಲವನ್ನೇ ನೋಡುತ್ತಾ ಹೇಳಿದಳು. "ಬ್ಯಾಂಕಲ್ಲಿ ಸಹಿ ಹಾಕಿದ್ದು ನಾನು. ಹಾಕಿಸಿದ್ದು ಇವರು. ಬೆಳಿಗ್ಗೆ ಅವಳನ್ನ ಊರಿಗೆ ಅರಸೀಕೆರೆ ಬಸ್ಸು ಹತ್ತಿಸಿದೀನಿ ಅಂದ್ರಲ್ಲ ಮಾಮ. ಆಗ್ಲೇ ಅವಳು ನೀರಲ್ಲಿದ್ಲಾ?"

ಕಲ್ಲೇಶಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಬೆನ್ನ ಹಿಂದೆ ಜಾಗವಿರಲಿಲ್ಲ, ಹುಡುಗರು ನಿಂತಿದ್ದರು. ಅವರು ಸರಿಯಲಿಲ್ಲ.

"ಹೆದರಿಸೋಣ ಅಂತ ಹೋದೆ ಅಷ್ಟೆ," ಅವನ ದನಿ ಒಡೆಯಿತು. "ಬರೀ ಎಲ್ಲರನ್ನೂ ಎತ್ತಿಕಟ್ತಾ ಇದ್ಲು. ತಳ್ಳಿದೆ, ಬಿದ್ದಳು. ತಲೆ ಕಲ್ಲಿಗೆ ಬಡೀತು. ನಾನು ಹೊಡೀಲಿಲ್ಲ."

"ಏಟು ಎರಡಿದೆ ಕಲ್ಲೇಶಪ್ಪನವರೇ. ಬಿದ್ದವಳು ಎದ್ದು ಮತ್ತೆ ಬೀಳಲಿಲ್ಲ. ನೀರಿಗೆ ಹಾಕಿದಾಗ ಅವಳು ಇನ್ನೂ ಉಸಿರಾಡ್ತಿದ್ದಳು."

ತಮ್ಮಯ್ಯ ಫೋಟೋವನ್ನು ಅವನ ಕೈಯಿಂದ ಬಿಡಿಸಿಕೊಂಡು, ನಂತರ ಬೇಡಿ ಹಾಕಿದ.

*

"ಹೊಳೆದಿದ್ದು ಹೇಗ್ರೀ?" ಉದಯಕುಮಾರ್ ಒಳಗೆ ಬಂದು ಕುರ್ಚಿ ಎಳೆದುಕೊಂಡರು. ದನಿ ಈಗ ಇಳಿದಿತ್ತು.

"ಹೆಣ ಬೇಗ ತೇಲಿತ್ತು ಸರ್. ಡಾಕ್ಟರು ಮಂಗಳವಾರ ಸತ್ತಳು ಅಂದ್ರು, ಬ್ಯಾಂಕು ಬುಧವಾರ ಬದುಕಿದ್ದಳು ಅಂತು. ಡಾಕ್ಟರ ಮಾತು ಸರಿಯಾದ್ರೆ ಬ್ಯಾಂಕಿಗೆ ಬಂದವಳು ಬೇರೆ. ಸತ್ತವಳು ಬುಧವಾರ ಬದುಕಿದ್ದಳು ಅಂತ ತೋರಿಸೋದ್ರಿಂದ ಯಾರಿಗೆ ಲಾಭ? ಬುಧವಾರಕ್ಕೆ ಸಾಕ್ಷಿ ಇಟ್ಕೊಂಡು, ಮಂಗಳವಾರಕ್ಕೆ ಇಲ್ಲದವನಿಗೆ. ನಾನು ಕೇಳದೇನೇ ಕಲ್ಲೇಶಪ್ಪ ಬುಧವಾರದ ಇಡೀ ದಿನಚರಿ ಒಪ್ಪಿಸಿದ್ದ. ಮಂಗಳವಾರದ ಬಗ್ಗೆ ಸೊಲ್ಲೆತ್ತಲಿಲ್ಲ."

"ಚೀಲ?"

"ಬುಧವಾರದ ನಮೂದು ಇರೋ ಪಾಸ್‌ಬುಕ್ ಮಂಗಳವಾರ ಸತ್ತವಳ ಪಕ್ಕದಲ್ಲಿ ಹೇಗೆ ಬರುತ್ತೆ? ಮಂಗಳವಾರ ಅವಳ ಚೀಲ ಒಯ್ದಿದ್ದ. ಬುಧವಾರ ರಾತ್ರಿ ಮೀಟಿಂಗಿಂದ ವಾಪಸ್ ಬರುವಾಗ ಅವನೇ ಇಟ್ಟು ಹೋದ. ದರೋಡೆ ಅಂತ ಕಾಣಲಿ ಅಂತ ದುಡ್ಡು ಇಟ್ಕೊಂಡ. ಸಂತು ಅಲ್ಲಿ ಸುಳಿದಾಡಿದ್ದು ಕಲ್ಲೇಶಪ್ಪನ ಅದೃಷ್ಟ."

"ಆ ಹುಡುಗಿ ಬಾಯ್ಬಿಡ್ತಾಳೆ ಅಂತ ಅವನಿಗೆ ಭಯ ಇರಲಿಲ್ವಾ?"

"ಬಾಯ್ಬಿಟ್ರೆ ಕಳ್ಳಸಹಿ ಹಾಕಿದ ಅವಳೇ ಸಿಕ್ಕಿಬೀಳ್ತಾಳೆ ಅಂತ ಧೈರ್ಯ. ಎರಡು ವರ್ಷದಿಂದ ಅವಳ ಓದು ಅವನ ಮುಷ್ಟಿಯಲ್ಲಿತ್ತು. ಆದ್ರೆ ಅವನು ಹೇಳಿಕೊಟ್ಟಿದ್ದ ಸುಳ್ಳನ್ನ ಅವಳು ನಿಜ ಅಂತ ನಂಬಿ ನಂಜಪ್ಪನವರ ಮುಂದೆ ಹೇಳಿಬಿಟ್ಟಳು. ನಂದಿತಾ ಬಾಯಲ್ಲಿ ಆ ಮಾತು ಬರ್ತಾನೇ ಇರಲಿಲ್ಲ ಸರ್."

ಉದಯಕುಮಾರ್ ಲಾಕಪ್ಪಿನತ್ತ ನೋಡಿದರು. "ಆ ಹುಡುಗನಿಗೆ ಏನಾದ್ರೂ ತಿನ್ನಿಸಿ ಮನೆಗೆ ಬಿಟ್ಟುಬನ್ನಿ."

*

ಮುಂದಿನ ವಾರ ಭಾನುಪ್ರಿಯಾ ಬೇಲೂರಿನ ನ್ಯಾಯಾಧೀಶರ ಮುಂದೆ ಹೇಳಿಕೆ ಕೊಟ್ಟು ಹೊರಬಂದಳು. ಕೋರ್ಟಿನ ಜಗಲಿಯಲ್ಲಿ ಕೆಂಚಮ್ಮ ಕೂತಿದ್ದಳು. ಯಾರೂ ಕರೆಸಿರಲಿಲ್ಲ, ತಾನಾಗಿಯೇ ಬಂದಿದ್ದಳು. ಭಾನುಪ್ರಿಯಾಗೆ ಕಾಲು ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಉಷಾರಾಣಿ ನಡುವೆ ನಿಂತಳು, ಏನಾದರೂ ಆದರೆ ತಡೆಯಲೆಂದು.

ಕೆಂಚಮ್ಮ ತಲೆಯೆತ್ತಿದಳು. "ಬ್ಯಾಂಕಿನೋರೇ ನಂಬುವಂಗೆ ಹಾಕ್ದ್ಯಂತಲ್ಲ. ನನ್ ಮಗಳ ಸಹಿ ನಿಂಗೆ ಅಷ್ಟು ಚೆಂದಾಗಿ ಬತ್ತೈತಾ?"

ಹುಡುಗಿ ಅಳುತ್ತಲೇ ಹೌದೆಂದು ತಲೆಯಾಡಿಸಿದಳು.

"ನಂಗೆ ಓದಾಕೆ ಬರಾಕಿಲ್ಲ. ಅವ್ಳು ಹೆಂಗೆ ಬರೀತಿದ್ಲು ಅಂತ ಒಂದಿನಾನೂ ಕೂತ್ಕಂಡು ನೋಡ್ಲಿಲ್ಲ ನಾನು." ಕೆಂಚಮ್ಮ ಅಂಗೈ ಚಾಚಿದಳು. ಕಾಯಿ ಸುಲಿದು ಸುಲಿದು ಗಟ್ಟಿಯಾದ ಅಂಗೈ. "ಇಲ್ಲಿ ಹಾಕು. ನೋಡ್ತೀನಿ."

ಭಾನುಪ್ರಿಯಾ ಆ ಕೈಯನ್ನೇ ನೋಡಿದಳು. ಉಷಾರಾಣಿಯ ಬೆರಳು ತನಗರಿವಿಲ್ಲದೆ ಜೇಬಿನ ಪೆನ್ನಿಗೆ ಹೋಗಿತ್ತು.

"ಬೇಡಮ್ಮ," ಭಾನುಪ್ರಿಯಾಳ ದನಿ ಕೇಳುವಷ್ಟೂ ಇರಲಿಲ್ಲ. "ಅದು ಅವಳದ್ದು. ನಾನು ಇನ್ನೊಂದು ಸಲ ಹಾಕಲ್ಲ."

ಕೆಂಚಮ್ಮ ಬಹಳ ಹೊತ್ತು ಕೈ ಹಾಗೇ ಹಿಡಿದಿದ್ದಳು. ನಂತರ ಮೆಲ್ಲಗೆ ಮುಷ್ಟಿ ಕಟ್ಟಿ ಮಡಿಲಿಗೆ ಎಳೆದುಕೊಂಡಳು. ಜಗಲಿಯ ಕೆಳಗೆ ವಕೀಲರು, ಕಕ್ಷಿದಾರರು, ಎಲೆಕ್ಷನ್ನಿನ ಮೈಕು ಕಟ್ಟಿದ ಆಟೋ, ಎಲ್ಲ ತಮ್ಮ ಪಾಡಿಗೆ ಓಡುತ್ತಿದ್ದವು.

"ಅರಸೀಕೆರೆ ಬಸ್ಸು ಎಲ್ಲಿ ನಿಲ್ತದೆ?" ಕೆಂಚಮ್ಮ ಎದ್ದಳು.

"ನಾನು ತೋರಿಸ್ತೀನಿ ಬನ್ನಿ," ಎಂದು ಭಾನುಪ್ರಿಯಾ ಅಂಜುತ್ತಾ ಅವಳ ಕೈಚೀಲಕ್ಕೆ ಕೈ ಹಾಕಿದಳು.

ಕೆಂಚಮ್ಮ ಚೀಲವನ್ನು ಬಿಡಲಿಲ್ಲ. ಕಿತ್ತುಕೊಳ್ಳಲೂ ಇಲ್ಲ. ಒಂದೊಂದು ಹಿಡಿ ಒಬ್ಬೊಬ್ಬರು ಹಿಡಿದುಕೊಂಡು ಇಬ್ಬರೂ ಬಿಸಿಲಿಗೆ ಇಳಿದರು.